ಬಾಯಿಬಟ್ಟೆ

ಟಿವಿಯೊಳಗಿನ ಹುಡುಗಿ ಸೌಟನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿ, ಅದೇ ಸೌಟನ್ನು ಮತ್ತೆ ಪಾತ್ರೆಗೆ ಬಿಟ್ಟಾಗ ನನ್ನವ್ವ ತಿಮ್ಮಮ್ಮ ಎಲೆಯಡಿಕೆ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಎಂಜಲು ಮಾಡಿದ್ದನ್ನೇ ಊರ ಜನಕ್ಕೆಲ್ಲ ಬಡಿಸುತ್ತಾಳಲ್ಲ, ಇವಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ನನ್ನನ್ನೇ ಗದರಿದಳು, ಆ ಹುಡುಗಿ ನನ್ನ ಕೈಕೆಳಗಿನವಳು ಎನ್ನುವ ಹಾಗೆ.

“ಅವರಲ್ಲಿ ಅಂಗೇ ಕಣಜ್ಜಿ,” ಎಂದಳು ನನ್ನ ಮಗಳು ಪವಿತ್ರಾ. “ರುಚಿ ನೋಡ್ದೆ ಬಡಿಸಿದ್ರೇನೆ ತಪ್ಪು.”

“ನಿಮ್ಮಪ್ಪ ಅರಿಸೇವೆಗೆ ಬೇಯಿಸ್ತಾನಲ್ಲ, ಯಾವತ್ತಾದ್ರೂ ನಾಲಗೆಗೆ ತಾಗಿಸವ್ನಾ ಕೇಳು.”

ತಾಗಿಸಿರಲಿಲ್ಲ. ನಾನು ಕೋಟೆ ಪಟ್ಟಣದ ಒಂದು ಹಾಸ್ಟೆಲಿನಲ್ಲಿ ಅಡುಗೆಯವನು. ಅಲ್ಲಿ ದಿನಾ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕದೆ ಒಲೆಯಿಂದ ಪಾತ್ರೆ ಇಳಿಸುವುದಿಲ್ಲ. ಆದರೆ ಶ್ರಾವಣದಲ್ಲಿ ನಮ್ಮ ಕುಲದ ಹರಿಸೇವೆಗೆ ಅಡುಗೆ ಮಾಡುವಾಗ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತೇವೆ. ಉಸಿರು ಕೂಡ ಎಡೆಗೆ ತಾಗಬಾರದು, ಇನ್ನು ನಾಲಗೆಯ ಮಾತೆಲ್ಲಿ. ಉಪ್ಪನ್ನು ಕೈ ಅಳತೆಯಲ್ಲಿ, ಹುಳಿಯನ್ನು ಬಣ್ಣದಲ್ಲಿ, ಬೆಂದದ್ದನ್ನು ಕುದಿಯ ಸದ್ದಿನಲ್ಲಿ ತಿಳಿಯಬೇಕು. ನನ್ನಪ್ಪ ಹಾಗೆ ತಿಳಿಯುತ್ತಿದ್ದ. ಅವನ ನಂತರ ಸೌಟು ನನ್ನ ಕೈಗೆ ಬಂತು.

ಆ ವರ್ಷ ಪವಿತ್ರಾ ಹುಣಸೂರಿನಲ್ಲಿ ಡಿಗ್ರಿ ಮುಗಿಸಿ ಫಲಿತಾಂಶಕ್ಕೆ ಕಾಯುತ್ತ ಮನೆಯಲ್ಲಿದ್ದಳು. ಬರುವಾಗ ಗುರುಪುರದ ಟಿಬೆಟಿಯನ್ ಕ್ಯಾಂಪಿನ ಗೆಳತಿಯಿಂದ ಒಂದು ಕೊರಿಯಾ ಧಾರಾವಾಹಿಯ ಸೀಡಿಗಳನ್ನು ಇಸಿದುಕೊಂಡು ಬಂದಿದ್ದಳು. ಕ್ಯಾಂಪಿನ ಹುಡುಗಿಯರೆಲ್ಲ ನೋಡಿ ಮುಗಿಸಿದ ಹಳೆಯ ಸರಕು. ಅದರಲ್ಲಿ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ, ಪ್ರೇಮಿಗಳು ರಸ್ತೆ ಬದಿಯ ಗಾಜಿನ ಪೆಟ್ಟಿಗೆಯೊಳಗೆ ನಿಂತು ಫೋನು ಮಾಡುತ್ತಿದ್ದರು. ಕತೆ ನಡೆಯುವುದೆಲ್ಲ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ. ಅಪ್ಪನಿಗೆ ಹಿಡಿಸಬಹುದು ಅಂತ ತಂದೆ ಎಂದಳು. ಹಾಸ್ಟೆಲಿನ ಮಕ್ಕಳು ಶಾಲೆಗೆ ಹೋದ ಮೇಲೆ ನಾನು ಟಿವಿಎಸ್ ಹತ್ತಿ ಊರಿಗೆ ಬಂದು, ಸಂಜೆಯ ಒಲೆಗೆ ಮತ್ತೆ ಹೋಗಬೇಕಾಗಿತ್ತು. ಅಂತರಸಂತೆಯಿಂದ ಒಳಗೆ ತಿರುಗಿದರೆ ನಮ್ಮೂರು. ಆ ನಡುವಿನ ಹೊತ್ತಿನಲ್ಲಿ ಕರೆಂಟು ಇದ್ದರೆ ಮೂವರೂ ಗೋಡೆಗೆ ಒರಗಿ ಕೂತು ನೋಡುತ್ತಿದ್ದೆವು. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಪವಿತ್ರಾ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಎಷ್ಟೋ ಕಡೆ ಅವಳು ಹೇಳುವುದಕ್ಕೆ ಮೊದಲೇ ನನಗೆ ತಿಳಿಯುತ್ತಿತ್ತು. ಒಲೆಯ ಮುಂದೆ ನಿಂತವರ ಭುಜ ನೋಡಿದರೆ ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ ಅಂತ ಅಡುಗೆಯವನಿಗೆ ಗೊತ್ತಾಗುತ್ತದೆ.

ಪಾತ್ರೆ ತೊಳೆಯಲು ಬಂದ ಆ ಹುಡುಗಿಗೂ, ಅಲ್ಲಿನ ಮುಖ್ಯ ಅಡುಗೆಯವನಿಗೂ ಪ್ರೀತಿ ಎಂದು ಪವಿತ್ರಾ ಹೇಳುತ್ತಿದ್ದಳು. ನನಗೆ ಅದು ಕಾಣುತ್ತಿರಲಿಲ್ಲ. ಅವನು ಅವಳನ್ನು ಬೈಯುವುದು ಬಿಟ್ಟು ಬೇರೆ ಏನೂ ಮಾಡುತ್ತಿರಲಿಲ್ಲ. ಪ್ರೀತಿ ಇದ್ದರೆ ಅಷ್ಟು ಬೈಯುವುದು ಯಾಕೆ ಎಂದೆ.

“ನೀನು ಅವ್ವನ್ನ ಬೈತಿರ್ಲಿಲ್ವಾ?”

ಅವಳ ತಾಯಿ ತೀರಿಕೊಂಡಾಗ ಪವಿತ್ರಾ ಶಾಲೆಗೆ ಹೋಗುವ ಹುಡುಗಿ. ಅಷ್ಟೆಲ್ಲ ನೆನಪಿಟ್ಟುಕೊಂಡಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಟಿವಿ ಕಡೆ ತಿರುಗಿದೆ.

ಆ ಅಡುಗೆಯವನಿಗೆ ಒಂದು ಅಭ್ಯಾಸವಿತ್ತು. ಹುಡುಗಿ ಮಾಡಿದ್ದನ್ನು ಚಮಚದಲ್ಲಿ ತೆಗೆದು ಬಾಯಿಗಿಡುತ್ತಿದ್ದ. ಸರಿಯಾಗಿದ್ದರೆ ತಟ್ಟೆಯ ಅಂಚಿಗೆ ಉಗುರಿನಿಂದ ಒಂದು ಸಲ ಟಕ್ ಎಂದು ತಟ್ಟುತ್ತಿದ್ದ. ಬಾಯಲ್ಲಿ ಒಂದು ಮಾತಿಲ್ಲ. ಸರಿಯಿಲ್ಲದಿದ್ದರೆ ಇಡೀ ಪಾತ್ರೆಯನ್ನೇ ಎತ್ತಿ ಮೋರಿಗೆ ಸುರಿಯುತ್ತಿದ್ದ. ಮೊದಲ ಸಲ ಅದನ್ನು ನೋಡಿದಾಗ ನಾನು ಎದ್ದು ಹೊರಗೆ ಹೋದೆ. ಬೆಂದದ್ದನ್ನು ಚೆಲ್ಲುವವನು ಅಡುಗೆಯವನೇ ಅಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಪವಿತ್ರಾ ನಕ್ಕಳು. ಆಮೇಲೆ ಮನೆಯ ಸಾರಿನ ರುಚಿ ನೋಡಿ ತಟ್ಟೆಯ ಅಂಚಿಗೆ ಟಕ್ ಎನ್ನಿಸುವುದು ಅವಳಿಗೆ ಆಟವಾಯಿತು. ಒಲೆಯ ಮೇಲಿದ್ದದ್ದು ಏನೇ ಇರಲಿ, ಅವಳ ಅಂಗೈಗೆ ಒಂದು ತೊಟ್ಟು ಬೀಳಲೇಬೇಕು.

ನನ್ನವ್ವನಿಗೆ ಅದು ಸೇರುತ್ತಿರಲಿಲ್ಲ. ಅವಳು ಚಿಕ್ಕಸಿದ್ದಮ್ಮನ ಮಾತು ತೆಗೆದಳು.

ಚಿಕ್ಕಸಿದ್ದಮ್ಮ ನನ್ನ ಸೋದರತ್ತೆ. ಹೊಸದಾಗಿ ಮದುವೆಯಾಗಿದ್ದಾಗ ಹಸಿವು ತಾಳಲಾರದೆ ಹರಿಸೇವೆಯ ಅನ್ನದಿಂದ ಒಂದು ಅಗುಳನ್ನು ಎಡೆಗೆ ಮೊದಲೇ ಬಾಯಿಗೆ ಹಾಕಿಕೊಂಡಳಂತೆ. ಯಾರೋ ನೋಡಿದರು. ಆವತ್ತಿನಿಂದ ಅವಳಿಗೆ ಪಂಕ್ತಿಯಲ್ಲಿ ಎಲೆಯಿಲ್ಲ. ಮದುವೆ, ತಿಥಿ, ನಾಮಕರಣ, ಎಲ್ಲಿ ಹೋದರೂ ಜಗಲಿಯ ಮೂಲೆಯಲ್ಲಿ ಬೇರೆ ಎಲೆ. ಅವಳ ಹೆಣ್ಣುಮಕ್ಕಳನ್ನು ಕೇಳಿಕೊಂಡು ನಮ್ಮವರು ಯಾರೂ ಬರಲಿಲ್ಲ. ನಾನು ಚಿಕ್ಕವನಿದ್ದಾಗ ಅವಳು ಗೋಡೆಯ ಕಡೆ ಮುಖ ಮಾಡಿ ಉಣ್ಣುವುದನ್ನು ನೋಡಿದ್ದೇನೆ. ಸಾಯುವವರೆಗೆ ಹಾಗೇ ಉಂಡಳು.

“ಮನೇಲಿ ಏನಾರ ನೆಕ್ಕು, ಅಲ್ಲಿಗೆ ಬಂದಾಗ ಕೈ ಕಟ್ಕಂಡಿರು,” ಎಂದಳು ಅವ್ವ. ಪವಿತ್ರಾ ಆಯಿತು ಎಂದಳು.

ಹರಿಸೇವೆಯ ಹಿಂದಿನ ದಿನ ಮಧ್ಯಾಹ್ನ ನಾವು ನೋಡಿದ ಭಾಗದಲ್ಲಿ ಆ ಹೋಟೆಲಿಗೆ ದೊಡ್ಡ ಮನೆತನದವರು ಊಟಕ್ಕೆ ಬಂದಿದ್ದರು. ಕಡಲ ಚಿಪ್ಪಿನದೊಂದು ಸಾರು ತಯಾರಾಗಿತ್ತು. ಮುಖ್ಯ ಅಡುಗೆಯವನು ಹೊರಗೆ ಮಾಲೀಕನ ಜೊತೆ ಮಾತಿನಲ್ಲಿದ್ದ. ಪಾತ್ರೆಯ ಹತ್ತಿರ ನಿಂತಿದ್ದ ಹುಡುಗಿಯ ಮುಖ ಬದಲಾಯಿತು. ಒಂದು ಚಮಚ ಬಾಯಿಗಿಟ್ಟಳು, ಉಗುಳಿದಳು. ಚಿಪ್ಪು ಕೆಟ್ಟಿದೆ ಅಂತ ಅವಳಿಗೊಬ್ಬಳಿಗೇ ಗೊತ್ತು ಎಂದು ಪವಿತ್ರಾ ಪಿಸುಗುಟ್ಟಿದಳು. ಬಟ್ಟಲುಗಳು ಬಾಗಿಲು ದಾಟುತ್ತಿದ್ದವು. ಹುಡುಗಿ ಅಡುಗೆಯವನ ಕಡೆ ನೋಡಿದಳು, ಬಾಯಿ ತೆರೆದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಸಂಜೆ ನಾನು ಹೊರಡುವವರೆಗೂ ಬರಲಿಲ್ಲ. ಪವಿತ್ರಾ ಸೀಡಿಯನ್ನು ತೆಗೆಯಲಾರದೆ ಪ್ಲೇಯರಿನ ಮುಂದೆ ಸುಮ್ಮನೆ ಕೂತಿದ್ದಳು. ಹೇಳಿರುತ್ತಾಳಾ ಅಪ್ಪ ಎಂದು ಕೇಳಿದಳು. ಹೊಟ್ಟೆಪಾಡಿಗೆ ಬಂದವಳು, ದೊಡ್ಡವರ ಎದುರು ಎಲ್ಲಿ ಹೇಳುತ್ತಾಳೆ ಎಂದೆ. ಅವಳಿಗೆ ಆ ಉತ್ತರ ಹಿಡಿಸಲಿಲ್ಲ.

ಶನಿವಾರ. ನಮ್ಮ ಹರಿಸೇವೆ ಕೆರೆಯ ಏರಿಯ ಕೆಳಗಿನ ತೋಪಿನಲ್ಲಿ ನಡೆಯುತ್ತದೆ. ಅನ್ನ, ಪಾಯಸಕ್ಕೆ ಬೇರೆ ಪಾತ್ರೆಗಳು. ಹುಳಿಸಾರಿಗೆ ಮಾತ್ರ ದೇವರ ತಾಮ್ರದ ಕೊಪ್ಪರಿಗೆಯೇ ಆಗಬೇಕು. ಅದು ಕುಲದ ಯಜಮಾನರಾದ ದಾಸಯ್ಯನವರ ಮನೆಯ ಅಟ್ಟದಲ್ಲಿ ವರ್ಷವಿಡೀ ಬೋರಲಾಗಿ ಕೂತಿದ್ದು ಈ ಒಂದು ದಿನ ಇಳಿದು ಬರುತ್ತದೆ. ನಸುಕಿನಲ್ಲಿ ಶಂಖ ಜಾಗಟೆಯ ಜೊತೆ ಸೇವೆ ನಡೆಸುವ ದಾಸಯ್ಯಗಳೇ ಅದನ್ನು ಹೊತ್ತು ತಂದು, ಮೂರು ಗುಂಡುಕಲ್ಲಿನ ಮೇಲೆ ಕೂರಿಸಿ, ಮಡಿನೀರು ತುಂಬಿ, ಹೊರಮೈಗೆ ನಾಮ ಬರೆದು, ಆಮೇಲೆ ಅಡುಗೆಯವನನ್ನು ಕರೆಯುತ್ತಾರೆ. ತುಂಬಿದ ಕೊಪ್ಪರಿಗೆಯನ್ನೇ ಅವನು ಕೈಗೆ ತೆಗೆದುಕೊಳ್ಳಬೇಕು. ಒಳಗೆ ಇಣುಕುವುದು, ತೊಳೆಯುವುದು ಅವನ ಕೆಲಸವಲ್ಲ. ಆವತ್ತೂ ಹಾಗೇ ಆಯಿತು. ಹೊರಗಡೆ ಎಂದಿಗಿಂತ ಹೆಚ್ಚು ಬೆಳಗಿದ್ದರು. ನಾಮದ ಬಿಳುಪು ಬೆಂಕಿಯ ಬೆಳಕಿಗೆ ಎದ್ದು ಕಾಣುತ್ತಿತ್ತು.

ಸೌದೆ ನೋಡಿಕೊಳ್ಳಲು ನನ್ನ ಜೊತೆ ಮಾದೇಶ ಇದ್ದ. ಯಜಮಾನರ ಅಕ್ಕನ ಮಗ, ಕೈ ಚೆನ್ನಾಗಿರುವ ಅಡುಗೆಯವನೇ. ಸೌಟು ಅಪ್ಪನಿಂದ ಮಗನಿಗೆ ಬರಬೇಕು ಅಂತ ಯಾವ ದೇವರು ಹೇಳಿದ್ದಾನೆ ಎಂದು ಅವನು ಊರಲ್ಲಿ ಕೇಳುತ್ತಾನೆ ಎಂಬುದು ನನ್ನ ಕಿವಿಗೆ ಬಿದ್ದಿತ್ತು. ನನ್ನೆದುರು ಅವನು ಏನೂ ಅಂದವನಲ್ಲ. ಇಬ್ಬರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ನಿಂತೆವು. ಆ ಹೊತ್ತಿನಲ್ಲಿ ಮಾತು ಕಡಿಮೆ, ಎಲ್ಲ ಕಣ್ಣಿನಲ್ಲೇ.

ಅಲಸಂದೆ ಬೆಂದು, ಕುಂಬಳದ ಹೋಳು ಬಿದ್ದು, ಹುಣಸೆಯ ರಸ ಸೇರಿ ಸಾರು ಬೆಳಗಿನಿಂದ ಕುದಿಯುತ್ತಿತ್ತು. ಬಿಸಿಲೇರಿದ ಮೇಲೆ ಒಗ್ಗರಣೆಯ ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆದು ನಾನು ಸೀನಿದೆ. ಬಟ್ಟೆಯೊಳಗೇ ಸೀನಿದರೂ ಸೀನು ಸೀನೇ. ಅಡುಗೆಯವನು ಮತ್ತೆ ಬಾವಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಹೊಸ ಬಟ್ಟೆ ಕಟ್ಟಿಕೊಂಡು ಬರಬೇಕು. ಮಾದೇಶ ಸೌದೆ ತರಲು ಗಾಡಿಯ ಹತ್ತಿರ ಹೋಗಿದ್ದ. ಕರಿಬೇವು ತೊಳೆದು ತಂದ ಪವಿತ್ರಾ ಹತ್ತಿರದಲ್ಲಿದ್ದಳು. ಮದುವೆಯಾಗದ ಹೆಣ್ಣುಮಕ್ಕಳು ಮಿಂದು ಬಂದಿದ್ದರೆ, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಸೌಟು ಹಿಡಿಯಬಹುದು, ಅದಕ್ಕೆ ಅಡ್ಡಿಯಿಲ್ಲ. ತಳ ಹಿಡಿಯದಂತೆ ತಿರುಗಿಸುತ್ತಿರು ಎಂದು ಕೈಸನ್ನೆ ಮಾಡಿ ನಾನು ಬಾವಿಗೆ ಹೋದೆ.

ತಿರುಗಿ ಬಂದಾಗ ಅವಳು ತಿರುಗಿಸುತ್ತಿರಲಿಲ್ಲ. ಸೌಟನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ನಾನು ಹತ್ತಿರ ಹೋದ ಕೂಡಲೇ ತಲೆ ತಗ್ಗಿಸಿ, ಹೊಗೆಯ ಕಡೆ ಮುಖ ಮಾಡಿ ಹೇಳಿದಳು.

“ಅಪ್ಪ, ಸಾರು ಸರಿಯಿಲ್ಲ.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವಳ ಕೈಯಿಂದ ಸೌಟು ತೆಗೆದುಕೊಂಡೆ.

“ಅಂಗೈಗೆ ಹಾಕ್ಕಂಡೆ ಅಪ್ಪ, ಸೌಟು ಬಾಯಿಗಿಡ್ಲಿಲ್ಲ. ಕೈ ತಾನಾಗೇ ಹೋಯ್ತು. ಹಳೇ ತಾಮ್ರದ ಕಾಸು ಬಾಯಲ್ಲಿಟ್ಕಂಡಂಗದೆ. ನಾಲಗೆ ಎಳೀತದೆ.”

ಅಂಗೈಯೋ ಸೌಟೋ ಎಂಬ ಭೇದ ನಮ್ಮ ಹಿರಿಯರಿಗೆ ಇಲ್ಲ. ಚಿಕ್ಕಸಿದ್ದಮ್ಮ ತಿಂದದ್ದು ಒಂದು ಅಗುಳು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಕಾಸಿನ ಮಾತು. ನಾನು ಹುಡುಗನಾಗಿದ್ದಾಗ ಕಲಾಯಿ ಹೋದ ತಪ್ಪಲೆಯಲ್ಲಿ ಉಳಿದಿದ್ದ ಮಜ್ಜಿಗೆ ಕುಡಿದು ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡಿದ್ದೆ. ಆ ರುಚಿಯನ್ನು ಮರೆಯಲು ಆಗುವುದಿಲ್ಲ. ಕಿಲುಬು. ತಾಮ್ರದ ಒಳಮೈಗೆ ತವರ ಹಚ್ಚಿಸದೆ ಹುಳಿ ಕುದಿಸಿದರೆ ಆಗುವ ವಿಷ. ಹುಣಸೂರಿನ ಕಲಾಯಿಯವನು ಈ ಸಲ ಊರ ಕಡೆ ಬಂದಿದ್ದನ್ನು ನಾನು ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಹೊರಮೈ ಅಷ್ಟು ಥಳಥಳ ಹೊಳೆಯುತ್ತಿದ್ದದ್ದು ಯಾಕೆಂದೂ ಹೊಳೆಯಿತು. ಮರಳು, ಹುಣಸೆ ಹಾಕಿ ಉಜ್ಜಿದ್ದಾರೆ. ಒಳಗೂ ಉಜ್ಜಿದ್ದಾರೆ. ಉಳಿದಿದ್ದ ಚೂರುಪಾರು ಕಲಾಯಿಯೂ ಅದರಲ್ಲೇ ಹೋಗಿದೆ.

ಸೌಟಿನಲ್ಲಿ ಎತ್ತಿ ನೋಡಿದೆ. ಬಣ್ಣ ಸರಿಯಾಗಿತ್ತು. ವಾಸನೆ ಸರಿಯಾಗಿತ್ತು. ಕಣ್ಣು, ಮೂಗು, ಕಿವಿಗೆ ಸಿಕ್ಕುವ ಎಲ್ಲವೂ ಸರಿಯಾಗಿತ್ತು.

ತೋಪಿನ ಆ ಕಡೆ ಮೊದಲ ಶಂಖ ಊದಿದರು. ಎರಡನೆಯ ಶಂಖಕ್ಕೆ ಎಡೆ. ಎಡೆಯಾದ ಮೇಲೆ ನಮ್ಮಲ್ಲಿ ಮೊದಲು ಉಣ್ಣುವವರು ದಾಸಯ್ಯಗಳಲ್ಲ, ಹಸುಮಕ್ಕಳು. ಅವರನ್ನು ಆಗಲೇ ಸಾಲಾಗಿ ಕೂರಿಸಿ ಎಲೆ ಹಾಕಿಯಾಗಿತ್ತು. ಸಾಲಿನ ತುದಿಯಲ್ಲಿ ಮಾದೇಶನ ಮಗಳು ಹರ್ಷಿತಾ ಹೊಸ ಲಂಗ ಹರಡಿಕೊಂಡು ಕೂತು, ಎಲೆಯ ಮೇಲಿನ ನೀರಿನ ಹನಿಗಳನ್ನು ಬೆರಳಿನಿಂದ ಒಂದಕ್ಕೊಂದು ಕೂಡಿಸುತ್ತಿದ್ದಳು.

ಪವಿತ್ರಾಳಿಗೆ ಹೆಂಗಸರ ಕಡೆ ಹೋಗಿ ಅಜ್ಜಿಯ ಪಕ್ಕ ಕೂರಲು ಹೇಳಿದೆ. ಯಾರಿಗೂ ಏನೂ ಹೇಳಬೇಡ ಎಂದೆ. ಅವಳು ಕದಲಲಿಲ್ಲ.

“ನೀನು ಯೋಳ್ತೀಯಾ ಅಪ್ಪ?”

ಹೋಗು ಎಂದು ಕಣ್ಣು ಬಿಟ್ಟೆ. ಹೋದಳು.

ಅವಳು ಹೋದ ದಾರಿಯನ್ನೇ ನೋಡುತ್ತ ಮಾದೇಶ ಸೌದೆಯ ಹೊರೆ ಇಳಿಸಿದ. ಬಾಯಿಬಟ್ಟೆಯ ಮೇಲಿನ ಅವನ ಕಣ್ಣುಗಳು ನಗುತ್ತಿದ್ದವೋ ಹೊಗೆಗೆ ಕಿರಿದಾಗಿದ್ದವೋ ತಿಳಿಯಲಿಲ್ಲ. ಬಗ್ಗಿ ಒಲೆಗೆ ಒಂದು ಕೊರಡು ನೂಕಿದ.

“ಸ್ವಾಮಣ್ಣ, ನಿನ್ ಮಗಳು ಬಾಯಿ ಒರೆಸ್ಕಂಡಂಗಿತ್ತು. ಗಾಡಿ ತಾವಿಂದ ಕಾಣ್ತು.”

ಬೆವರು ಒರೆಸಿಕೊಂಡಿರಬೇಕು ಎಂದೆ.

“ಇರ್ಬೋದು. ಎಡೆ ಒಂದಾಗ್ಲಿ. ಆಮೇಕೆ ಮಾವನ್ನ ಒಂದ್ ಮಾತು ಕೇಳಾನ. ಬೆವರು ಎಂಗಿರ್ತದೆ ಅಂತ.”

ಅವನು ಮತ್ತೊಂದು ಕೊರಡು ತೆಗೆದುಕೊಂಡ. ಸಾರು ಕೊತಕೊತ ಕುದಿಯುತ್ತಿತ್ತು. ನಾನು ತಿರುಗಿಸುತ್ತಲೇ ಇದ್ದೆ. ಕೈ ನಿಲ್ಲಿಸಿದರೆ ನೋಡುವವರಿಗೆ ಅನುಮಾನ ಬರುತ್ತದೆ ಎಂದು ತಿರುಗಿಸುತ್ತಿದ್ದೆ.

ಹಲ್ಲಿ ಬಿತ್ತು ಎನ್ನಬಹುದಾಗಿತ್ತು. ಬಯಲಿನ ಒಲೆಗೆ ಹಲ್ಲಿ ಎಲ್ಲಿಂದ ಬರುತ್ತದೆ. ಎಲೆಯೊಂದು, ಹುಳವೊಂದು ಬಿತ್ತು ಎಂದರೆ ಜರಡಿ ಹಿಡಿಯಿರಿ ಎನ್ನುತ್ತಾರೆ, ಸಾರನ್ನು ಚೆಲ್ಲುವುದಿಲ್ಲ. ಎಡವಿದಂತೆ ಮಾಡಿ ಉರುಳಿಸೋಣವೆಂದರೆ ಅದು ಒಬ್ಬನ ಕೈಯಿಂದ ಅಲುಗುವ ಪಾತ್ರೆಯೂ ಅಲ್ಲ. ಎರಡೂ ಕಡೆಯ ಬಳೆಗೆ ಬೊಂಬು ಹಾಕಿ ಇಬ್ಬರು ಎತ್ತಬೇಕು. ಕಿಲುಬಾಗಿದೆ ಎಂದು ನೇರವಾಗಿ ಹೇಳಿದರೆ ಮೊದಲ ಪ್ರಶ್ನೆ ಒಂದೇ: ಬಾಯಿ ಕಟ್ಟಿಕೊಂಡವನಿಗೆ ಹೇಗೆ ತಿಳಿಯಿತು. ಆ ಪ್ರಶ್ನೆಗೆ ಉತ್ತರ ಕೊಡಲು ಮಾದೇಶ ಪಕ್ಕದಲ್ಲೇ ನಿಂತಿದ್ದ. ಪವಿತ್ರಾಳ ಎಲೆ ಜಗಲಿಗೆ ಹೋಗುತ್ತದೆ. ಗೋಡೆಯ ಕಡೆ ಮುಖ ಮಾಡಿ ಉಣ್ಣುವ ಅವಳ ಬೆನ್ನು ನನ್ನ ಕಣ್ಣಿಗೆ ಕಟ್ಟಿತು.

ಸುಮ್ಮನಿದ್ದರೆ? ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಒಂದೆರಡು ಸಲ ವಾಂತಿಯಾಗಿ ಹೋಗಬಹುದು ಎಂದು ಮನಸ್ಸು ಲೆಕ್ಕ ಹಾಕಿತು. ಹಾಕಿದ್ದು ನಿಜ. ಹರ್ಷಿತಾ ಎಲೆಯ ಮೇಲಿನ ಹನಿಗಳನ್ನೆಲ್ಲ ಕೂಡಿಸಿ ದೊಡ್ಡದು ಮಾಡಿಕೊಂಡು, ಪಕ್ಕದ ಮಗುವಿಗೆ ತೋರಿಸುತ್ತಿದ್ದಳು. ಹೆಂಗಸರ ನಡುವಿನಿಂದ ಪವಿತ್ರಾ ನನ್ನನ್ನೇ ನೋಡುತ್ತಿದ್ದಳು. ಕರೆಂಟು ಹೋಗುವ ಮೊದಲು ಟಿವಿಯನ್ನು ಹೇಗೆ ನೋಡುತ್ತಿದ್ದಳೋ ಹಾಗೆ.

ಯಜಮಾನ ದಾಸಯ್ಯನವರು ಎಡೆಗೆ ಸಾರು ತುಂಬಿಸಿಕೊಳ್ಳಲು ಹಿತ್ತಾಳೆಯ ಬಟ್ಟಲು ಹಿಡಿದು ಒಲೆಯ ಕಡೆ ಹೊರಟರು. ಹಿಂದೆ ಶಂಖದವರು, ಗರುಡಗಂಬದ ದೀಪ ಹಿಡಿದವರು. ಗೋವಿಂದಾ ಎಂಬ ಕೂಗು ಎದ್ದಿತು. ಜನ ದಾರಿ ಬಿಟ್ಟು ಈ ಕಡೆ ತಿರುಗಿದರು.

ನಾನು ಸೌಟು ತುಂಬ ಸಾರು ಎತ್ತಿದೆ. ಇನ್ನೊಂದು ಕೈಯಿಂದ ತಲೆಯ ಹಿಂದಿನ ಗಂಟು ಬಿಚ್ಚಿದೆ. ಬಾಯಿಬಟ್ಟೆ ಕೊರಳಿಗೆ ಜಾರಿತು. ಎಲ್ಲರೂ ನೋಡುತ್ತಿರುವಾಗಲೇ ಸೌಟನ್ನು ತುಟಿಗಿಟ್ಟೆ.

ಕೂಗು ನಿಂತಿತು. ಯಾರದೋ ಕೈಯಲ್ಲಿದ್ದ ಜಾಗಟೆಯ ಮೇಲೆ ಕೋಲು ಒಂದು ಸಲ ತಪ್ಪಾಗಿ ಬಿದ್ದು ಸುಮ್ಮನಾಯಿತು. ನಾಲಗೆಯ ಬುಡದವರೆಗೆ ಆ ರುಚಿ ಹೋಯಿತು. ಮಗಳು ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಪಕ್ಕಕ್ಕೆ ಉಗುಳಿದೆ.

ಯಜಮಾನರು ಬಟ್ಟಲು ಹಿಡಿದುಕೊಂಡೇ ನಿಂತಿದ್ದರು. ಅವರು ಕೂಗಾಡುವವರಲ್ಲ. ಧ್ವನಿ ಎಂದಿಗಿಂತ ಸಣ್ಣದಾಗಿತ್ತು.

“ಏನ್ ಮಾಡ್ದೆ ಸ್ವಾಮಿ?”

“ಬಾಯಿಗಿಟ್ಟೆ. ಸಾರು ಕಿಲುಬಾಗದೆ. ಯಾರೂ ಉಣ್ಣಂಗಿಲ್ಲ.”

“ಎಡೆಗೆ ಮುಂಚೆ ಬಾಯಿಗ್ಯಾಕೆ ಇಟ್ಟೆ?”

“ಅಭ್ಯಾಸ. ಹಾಸ್ಟೆಲ್‌ನಲ್ಲಿ ದಿನಾ ನೋಡ್ತೀನಿ. ಕೈ ತಾನಾಗೇ ಹೋಯ್ತು.”

ಕೊನೆಯ ಮಾತು ಮಗಳದು. ಬೇರೆ ಮಾತು ಆ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲ. ಯಜಮಾನರು ನನ್ನನ್ನು ಬಿಟ್ಟು ಮಾದೇಶನ ಕಡೆ ತಿರುಗಿದರು. ನೀನು ಬೆಳಗಿನಿಂದ ಇಲ್ಲೇ ಇದ್ದೆಯಲ್ಲ, ಇದಕ್ಕೆ ಮೊದಲು ಇಲ್ಲಿ ಏನಾದರೂ ನಡೆಯಿತೇ ಎಂದು ಕೇಳಿದರು.

ಮಾದೇಶ ನನ್ನನ್ನು ನೋಡಿದ. ಹೆಂಗಸರ ಕಡೆ ನೋಡಿದ. ಪವಿತ್ರಾ ಎದ್ದು ನಿಂತಿದ್ದಳು. ಅವ್ವ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆ ಜಗ್ಗುತ್ತಿದ್ದಳು. ಈಗ ಇವನು ಹೇಳುತ್ತಾನೆ, ಇಲ್ಲವೇ ಅವಳೇ ಹೇಳಿಬಿಡುತ್ತಾಳೆ ಎಂದುಕೊಂಡೆ. ನಾನು ಬಾಯಿ ಬಿಡುವ ಹಾಗಿರಲಿಲ್ಲ. ಒಂದು ಮಾತು ಹೆಚ್ಚಾಡಿದರೂ ಅವಳ ಹೆಸರು ಅದರೊಳಗಿಂದ ಇಣುಕುತ್ತಿತ್ತು.

ಮಾದೇಶನ ಕಣ್ಣು ಮಕ್ಕಳ ಸಾಲಿನ ತುದಿಗೆ ಹೋಗಿ ಅಲ್ಲೇ ನಿಂತಿತು. ಎಲ್ಲರೂ ಯಾಕೆ ಸುಮ್ಮನಾದರು ಎಂದು ತಿಳಿಯದೆ ಹರ್ಷಿತಾ ಅಪ್ಪನ ಕಡೆ ಕೈ ಬೀಸಿದಳು.

ಅವನು ಚಪ್ಪರದ ಕಂಬಕ್ಕೆ ಒರಗಿಸಿದ್ದ ಬೊಂಬನ್ನು ತೆಗೆದುಕೊಂಡು ಬಂದು ಕೊಪ್ಪರಿಗೆಯ ಬಳೆಗಳಿಗೆ ತೂರಿಸಿದ. ಒಂದು ತುದಿಯನ್ನು ತನ್ನ ಹೆಗಲಿಗೆ ಕೊಟ್ಟುಕೊಂಡು ನನಗಾಗಿ ಕಾದ.

“ಇಡ್ಕೋ ಸ್ವಾಮಣ್ಣ,” ಎಂದ. “ಬಿಸಿ ಅದೆ, ಕಾಲ್ ಮ್ಯಾಲೆ ಚೆಲ್ಕಂಡೀಯ.”

ಇಬ್ಬರೂ ಎತ್ತಿದೆವು. ಅಷ್ಟು ಭಾರವನ್ನು ನಾನು ಹಿಂದೆಯೂ ಎತ್ತಿದ್ದೆ, ಒಲೆಯಿಂದ ಇಳಿಸುವುದಕ್ಕಾಗಿ. ತೋಪಿನ ಅಂಚಿನ ಗುಂಡಿಯವರೆಗೆ ಒಬ್ಬರ ಹೆಜ್ಜೆಗೆ ಒಬ್ಬರು ಹೆಜ್ಜೆ ಕೂಡಿಸಿಕೊಂಡು ನಡೆದೆವು. ಜನ ಹಿಂದೆ ಸರಿದರು. ಯಾರೂ ಕೈಜೋಡಿಸಲಿಲ್ಲ. ಸುರಿದಾಗ ಹಬೆ ಮುಖಕ್ಕೆ ಹೊಡೆಯಿತು. ಅಲಸಂದೆ, ಕುಂಬಳ, ಬೆಳಗಿನಿಂದ ನಿಂತ ನನ್ನ ಕಾಲು, ಎಲ್ಲ ಮಣ್ಣಿಗೆ ಹೋಯಿತು. ಬೆಂದದ್ದನ್ನು ಚೆಲ್ಲುವವನು ಅಡುಗೆಯವನಲ್ಲ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಾಯಿತು.

ಯಜಮಾನರು ಹಿಂದೆಯೇ ಬಂದಿದ್ದರು. ಬೋರಲಾದ ಕೊಪ್ಪರಿಗೆಯನ್ನು ಮಾದೇಶ ಬಿಸಿಲಿಗೆ ಹೊರಳಿಸಿದ. ಒಳಗೆ ಎಲ್ಲಿಯೂ ಕಲಾಯಿಯ ಬಿಳುಪಿರಲಿಲ್ಲ. ಕೆಂಪು ತಾಮ್ರ, ಸಾರು ನಿಂತಿದ್ದ ಅಂಚಿನ ಸುತ್ತ ಹಸಿರು ಗೀಟು. ಯಜಮಾನರು ಬಗ್ಗಿ ಬಹಳ ಹೊತ್ತು ನೋಡಿದರು. ಅದು ಅವರ ಮನೆಯ ಅಟ್ಟದಿಂದ ಇಳಿದದ್ದು, ಅವರ ಮನೆಯವರೇ ಉಜ್ಜಿದ್ದು. ನೆಟ್ಟಗಾದ ಮೇಲೆ ತೀರ್ಮಾನ ಹೇಳಿದರು. ಮದುವೆಗೆ ಬಳಸುವ ಸ್ಟೀಲಿನ ಕೊಳಗ ತರಿಸಿ ಹೊಸದಾಗಿ ಸಾರು ಮಾಡಬೇಕು. ಮಾಡುವವನು ಮಾದೇಶ. ಸ್ವಾಮಿ ಇನ್ನು ಮುಂದೆ ಸೇವೆಯ ಸೌಟು ಮುಟ್ಟುವ ಹಾಗಿಲ್ಲ. ಅವನ ಎಲೆ ಜಗಲಿಗೆ.

“ಅವನ ಮನೆಯೋರು?” ಎಂದು ಹಿಂದಿನಿಂದ ಯಾರೋ ಕೇಳಿದರು.

ಯಜಮಾನರು ಮಾದೇಶನ ಮುಖವನ್ನು ಇನ್ನೊಮ್ಮೆ ನೋಡಿದರು. ಅವನು ಕೊಪ್ಪರಿಗೆಯ ಬಳೆಯಿಂದ ಬೊಂಬು ಎಳೆಯುವುದರಲ್ಲೇ ಮಗ್ನನಾಗಿದ್ದ.

“ಮನೆಯೋರು ಏನ್ ಮಾಡವ್ರೆ? ಅವರ ಎಲೆ ಅವರ ಜಾಗದಲ್ಲೇ ಇರ್ತದೆ.”

ನಾನು ಅಲ್ಲೇ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಕೊರಳಲ್ಲಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡೆ.

ಹೊಸ ಸಾರು ಆಗುವ ಹೊತ್ತಿಗೆ ಬಿಸಿಲು ಮರದ ಆ ಕಡೆಗೆ ವಾಲಿತ್ತು. ಮಕ್ಕಳು ಹಸಿದು ಅಳುತ್ತಿದ್ದರು, ಬಾಳೆಹಣ್ಣು ಕೊಟ್ಟು ಸಂಭಾಳಿಸಿದರು. ಎರಡನೆಯ ಶಂಖ ಊದಿದರು, ಎಡೆಯಾಯಿತು. ಮಕ್ಕಳು ಉಂಡರು. ಆಮೇಲೆ ದೊಡ್ಡವರ ಪಂಕ್ತಿ ಕೂತಿತು. ತೋಪಿನ ಮಂಟಪದ ಜಗಲಿಯ ಮೂಲೆಯಲ್ಲಿ ನನಗೊಂದು ಎಲೆ ಹಾಕಿದ್ದರು. ಗೋಡೆಗೆ ಮುಖ ಮಾಡಿ ಕೂರಬೇಕು ಎಂದು ಯಾರೂ ಹೇಳಲಿಲ್ಲವಾದ್ದರಿಂದ ನಾನು ಪಂಕ್ತಿಯ ಕಡೆಗೇ ಮುಖ ಮಾಡಿ ಕೂತೆ.

ಪವಿತ್ರಾ ಅಜ್ಜಿಯ ಪಕ್ಕ ಕೂತಿದ್ದಳು. ನನ್ನನ್ನು ಅಲ್ಲಿ ಕಂಡ ಕೂಡಲೇ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಏಳಲು ನೋಡಿದಳು. ನಾನು ತಲೆ ಅಲ್ಲಾಡಿಸಿದೆ. ಅವಳು ಅರ್ಧ ಎದ್ದವಳು ಹಾಗೇ ನಿಂತಳು. ಕೂರು ಎಂದು ಕಣ್ಣಲ್ಲಿ ಬೈದೆ. ಅವಳ ತಾಯಿಯನ್ನು ಬೈಯುತ್ತಿದ್ದ ಹಾಗೆಯೇ ಬೈದೆ. ಕೂತಳು. ಎಲೆ ಮತ್ತೆ ಸಾಲಿಗೆ ಸೇರಿತು. ಅವಳ ಕಣ್ಣೀರು ಅನ್ನದ ಮೇಲೆ ಬೀಳುತ್ತಿದ್ದದ್ದು ಜಗಲಿಗೂ ಕಾಣುತ್ತಿತ್ತು. ಆದರೆ ಎಡಕ್ಕೆ ಅಜ್ಜಿ, ಬಲಕ್ಕೆ ಯಾರದೋ ಸೊಸೆ, ಎದುರಿಗೆ ಊರು, ಎಲ್ಲರ ನಡುವೆ ಕೂತು ಉಣ್ಣುತ್ತಿದ್ದಳು.

ಬಡಿಸುತ್ತ ಬಂದ ಮಾದೇಶ ಪಂಕ್ತಿಗೆಲ್ಲ ಬಡಿಸಿದ ಮೇಲೆ ಜಗಲಿ ಹತ್ತಿದ. ಜಗಲಿಯ ಎಲೆಗೆ ಕೊನೆಯಲ್ಲಿ, ಸೊಂಟ ಬಗ್ಗಿಸದೆ ಮೇಲಿನಿಂದ ಸುರಿಯುವುದು ವಾಡಿಕೆ. ಅವನು ಕುಕ್ಕರಗಾಲಲ್ಲಿ ಕೂತು, ಅನ್ನದಲ್ಲಿ ಗುಳಿ ಮಾಡಿಕೊಳ್ಳುವವರೆಗೂ ಕಾದು, ಸಾರು ಬಿಟ್ಟ. ಬಾಯಿಬಟ್ಟೆ ಬಿಚ್ಚಿದ್ದ. ಅದರ ಗುರುತು ಕೆನ್ನೆಯ ಮೇಲೆ ಗೆರೆಯಾಗಿ ಉಳಿದಿತ್ತು. ನಾನು ಮೊದಲ ತುತ್ತು ಇಟ್ಟುಕೊಳ್ಳುವುದನ್ನೇ ನೋಡುತ್ತಿದ್ದ.

“ಉಪ್ಪು ಎಂಗದೆ?” ಎಂದು ಕೇಳಿದ, ಬೇರೆ ಯಾರಿಗೂ ಕೇಳದ ಹಾಗೆ.

ಅವನ ಹೆಗಲಿನ ಮೇಲಿಂದ ನೋಡಿದೆ. ಪವಿತ್ರಾ ಸಾರನ್ನ ಬಾಯಿಗಿಟ್ಟುಕೊಂಡು ನನ್ನ ಕಡೆಗೇ ನೋಡುತ್ತಿದ್ದಳು. ಕಣ್ಣು ಒದ್ದೆಯಾಗಿಯೇ ಇತ್ತು. ಎಡಗೈಯ ಹೆಬ್ಬೆರಳು ತೋರುಬೆರಳನ್ನು ಒಂದಿಷ್ಟು ಅಂತರ ಬಿಟ್ಟು ಹಿಡಿದು ತೋರಿಸಿದಳು. ಕಮ್ಮಿ. ನಿಜವಾಗಿಯೂ ಕಮ್ಮಿಯಾಗಿತ್ತು. ಗಾಬರಿಯಲ್ಲಿ ಮಾದೇಶ ಒಂದು ಹಿಡಿ ಕಮ್ಮಿ ಹಾಕಿದ್ದ.

ನಾನು ಎಡಗೈ ಮುಂದೆ ಚಾಚಿ ಎಲೆಯ ಪಕ್ಕದ ನೀರಿನ ಲೋಟದ ಅಂಚಿಗೆ ಉಗುರಿನಿಂದ ಒಂದು ಸಲ ಟಕ್ ಎಂದು ತಟ್ಟಿದೆ. ಮಾದೇಶನಿಗೆ ಅದೇನೆಂದು ತಿಳಿಯಲಿಲ್ಲ. ನೀರು ಬೇಕಾ ಎಂದು ಕೇಳಿದ. ಬೇಡ, ಸಾರು ಸರಿಯಾಗಿದೆ ಎಂದೆ. ಆ ಕಡೆ ಮಗಳು ಸುಳ್ಳು ಹಿಡಿದವಳಂತೆ ತಲೆ ಅಲ್ಲಾಡಿಸಿ, ಎಲೆಯ ತುದಿಯಿಂದ ಉಪ್ಪಿನ ಹರಳು ತೆಗೆದು ಅನ್ನಕ್ಕೆ ಕಲಸಿಕೊಂಡಳು.